ಕಣಜ ಗೂಬೆಗೆ ಒಯ್ದ ಪೆಟ್ಟಿಗೆ

ಹೊಳಲ್ಕೆರೆಯಲ್ಲಿ ಬೆಳಗಿನ ಹೊಸದುರ್ಗದ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಬಟ್ಟೆಯ ಚೀಲವಿತ್ತು, ಹೆಗಲ ಮೇಲೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆ ಮೊಣಕಾಲೆತ್ತರ. ಮುಂದುಗಡೆ ತೆಂಗಿನಕಾಯಿ ತೂರುವಷ್ಟು ದೊಡ್ಡ ದುಂಡು ಕಿಂಡಿ. ನಮ್ಮೂರ ಬಡಗಿ ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟಿದ್ದ. ಕಂಡಕ್ಟರ್ ಅದನ್ನು ತಟ್ಟಿ ನೋಡಿ, ಕೋಳಿಗೂಡೇನ್ರಿ ಎಂದು ಕೇಳಿದ. ಅಲ್ಲ, ಗೂಬೆಗೂಡು ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ.

"ಗೂಬೆ ಹೆಣ್ಣಾದ್ರೆ ಆಧಾರ್ ತೋರಿಸ್ರಿ, ಫ್ರೀ. ಗಂಡಾದ್ರೆ ಲಗೇಜ್ ಹರೀತೀನಿ."

ಬಸ್ಸಿನ ತುಂಬ ಇದ್ದ ಹೆಂಗಸರು ನಕ್ಕರು. ನನ್ನ ಪಕ್ಕದ ಅಜ್ಜಿ ಮಾತ್ರ ನಗಲಿಲ್ಲ. ಸೆರಗು ಬಿಗಿಮಾಡಿಕೊಂಡು ಕಿಟಕಿಯ ಕಡೆ ಸರಿದಳು. ಅವಳನ್ನು ಏನೆಂದೂ ದೂರುವಂತಿಲ್ಲ. ಗೂಬೆ ಕೂತ ಮನೆಯನ್ನೇ ಬಿಟ್ಟು ಹೋದ ಜನರ ನಡುವೆ ಬೆಳೆದವರು ನಾವೆಲ್ಲ. ಆದರೆ ನಮ್ಮಜ್ಜಿಯ ಲೆಕ್ಕ ಬೇರೆ ಇತ್ತು. ಕಣಜ ಗೂಬೆಯನ್ನು ಅವಳು ಹೊಲದ ಕಾವಲಿನವನು ಎನ್ನುತ್ತಿದ್ದಳು. ಮುಖಕ್ಕೆ ವಿಭೂತಿ ಬಳಿದುಕೊಂಡು ಸಂಜೆಗೆ ಕೆಲಸಕ್ಕೆ ಹೊರಡುತ್ತಾನೆ, ನಾವು ಉಣ್ಣೋದರಲ್ಲಿ ಅವನದೂ ಪಾಲಿದೆ ಎಂದು ನಮಗೆ ಹೇಳಿಕೊಟ್ಟವಳು ಅವಳು.

ನಾನು ಹೊರಟಿದ್ದು ಹಿರಿಯೂರಿನಾಚೆ, ಜವನಗೊಂಡನಹಳ್ಳಿಗೆ. ಅಲ್ಲಿ ನಮ್ಮ ಗಂಗಕ್ಕನ ಮನೆ. ಬಾವ ರುದ್ರಪ್ಪನವರದು ಕಡಲೆಕಾಯಿ ಹೊಲ, ಹೊಲದ ಅಂಚಿನಲ್ಲೇ ಮನೆ. ಬದುವಿನ ಹುಣಸೆಮರದ ಪೊಟರೆಯಲ್ಲಿ ಕಣಜ ಗೂಬೆಯ ಜೋಡಿಯೊಂದು ಬಹಳ ವರ್ಷಗಳಿಂದ ಸಂಸಾರ ಹೂಡಿತ್ತು. ಬಿತ್ತನೆ ಮುಗಿದ ಕೂಡಲೇ ಬಾವ ಹೊಲದ ನಡುನಡುವೆ ಜಾಲಿಯ ಕವೆಗಳನ್ನು ನೆಡುತ್ತಿದ್ದರು, ಗೂಬೆ ಕೂತು ಇಲಿ ನೋಡಲಿ ಎಂದು. ಅದು ಅವರ ಅಪ್ಪನ ಕಾಲದ ರೂಢಿ. ಇಲಿ ವರ್ಷ ವರ್ಷಕ್ಕೆ ಹೆಚ್ಚಿ, ಅಕ್ಕಪಕ್ಕದವರು ಹೊಲಕ್ಕೆ ಮದ್ದು ಸುರಿದಾಗಲೂ ಬಾವ ಸುರಿಯಲಿಲ್ಲ. ಯುಗಾದಿ ಕಳೆದ ಮೇಲಿನ ಮೊದಲ ಗಾಳಿಮಳೆಗೆ ಆ ಹುಣಸೆ ಬುಡಸಮೇತ ಬಿತ್ತು. ಜೋಡಿ ಪಂಪ್‌ಶೆಡ್ಡಿನ ತೊಲೆಯ ಮೇಲೆ ಬಂದು ಕೂತಿದೆ, ಮೊಟ್ಟೆ ಇಡಲು ಜಾಗವಿಲ್ಲ, ಬಿಟ್ಟುಹೋಗುವ ಮುಂಚೆ ಏನಾದರೂ ಮಾಡಿಸಿ ತಾ ಎಂದು ಬಾವ ಫೋನ್ ಮಾಡಿದ್ದರು. ಅದಕ್ಕೇ ಈ ಪೆಟ್ಟಿಗೆ.

ಹೊಸದುರ್ಗ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಶಾಲೆಯಲ್ಲಿ ನನ್ನ ಜೊತೆ ಓದಿದ ಓಂಕಾರಪ್ಪ ಬೈಕಿನಲ್ಲಿ ಬಂದು ಕಾದಿದ್ದ. ಒಂದು ರಾತ್ರಿ ಅವನ ತೋಟದ ಮನೆಯಲ್ಲಿ ಉಳಿಯುವುದೆಂದು ಮೊದಲೇ ಮಾತಾಗಿತ್ತು. ರಾಗಿ ಮುದ್ದೆ, ಹುರುಳಿ ಸಾರು ಉಂಡು ತೋಟಕ್ಕೆ ಇಳಿದೆವು. ತೆಂಗಿನ ಬುಡದಲ್ಲೆಲ್ಲ ಎಳೆಯ ಕಾಯಿಗಳು ಬಿದ್ದಿದ್ದವು, ಒಂದೊಂದಕ್ಕೂ ತೊಟ್ಟಿನ ಹತ್ತಿರ ತೂತು. ಮೊದಲು ಇದು ಅಳಿಲಿನ ಕೆಲಸ ಎಂದು ತಿಳಿದು, ಬೋನಿಟ್ಟು ಅಳಿಲುಗಳನ್ನು ಹಿಡಿದು ಗುಡ್ಡಕ್ಕೆ ಬಿಟ್ಟು ಬಂದನಂತೆ. ಕಾಯಿ ಉದುರುವುದು ನಿಲ್ಲಲಿಲ್ಲ. ಆಮೇಲೆ ಒಂದು ಮುಸ್ಸಂಜೆ ಟಾರ್ಚು ಹಾಕಿ ನೋಡಿದರೆ ಗೊನೆಯ ತುಂಬ ಇಲಿ.

ದಾಸವಾಳದ ಗಿಡದಲ್ಲಿ ಬುಲ್‌ಬುಲ್ ಗೂಡೊಂದನ್ನು ತೋರಿಸಿದ. ಬಟ್ಟಲಿನಂಥ ಅಚ್ಚುಕಟ್ಟಾದ ಗೂಡು, ಒಳಗೆ ಮೊಟ್ಟೆಯ ಸಿಪ್ಪೆಯ ಚೂರುಗಳು ಮಾತ್ರ. ಈ ಬೇಸಿಗೆಯಲ್ಲಿ ಆ ಹಕ್ಕಿಗಳು ಮತ್ತೆ ಮತ್ತೆ ಕಟ್ಟಿದವು, ಮತ್ತೆ ಮತ್ತೆ ಇಲಿ ಹೀಗೇ ಮಾಡಿದವು ಎಂದ. ಇಲಿ ಹಿಡಿಯುವ ಕೇರೆಹಾವು ಇರಲಿಲ್ಲವೇ ನಿನ್ನ ತೋಟದಲ್ಲಿ ಎಂದು ಕೇಳಿದೆ. ಓಂಕಾರಪ್ಪ ಗೂಡಿನೊಳಗಿನ ಸಿಪ್ಪೆಯ ಚೂರುಗಳನ್ನು ಬೆರಳಿನಿಂದ ಎತ್ತಿ ಹಾಕಿದ.

"ಹಳೇ ಬದು ಜೆಸಿಬೀಲಿ ಎತ್ತಿಸ್ದಾಗ ಹೊರಗ್ ಬಂದ್ವು ಕಣಲೇ. ಆಳುಗಳು ಹೊಡೆದ್ರು. ನಾನೂ ನಿಂತ್ಕಂಡು ನೋಡ್ದೆ, ಬ್ಯಾಡ ಅನ್ಲಿಲ್ಲ. ತೋಟ ಚೊಕ್ಕಟ ಆಯ್ತು ಅಂದ್ಕಂಡೆ."

ಮರುದಿನ ಹಿರಿಯೂರಿನ ಬಸ್ಸು. ವಾಣಿವಿಲಾಸ ಸಾಗರದ ಹತ್ತಿರ ಬರುವಾಗ ಮಾತ್ರ ಕಿಟಕಿಯಿಂದ ತುಸು ತಣ್ಣನೆಯ ಗಾಳಿ ಬಂತು, ಮಿಕ್ಕಂತೆ ಬರೀ ಕಾವು. ಹಿರಿಯೂರಿನಲ್ಲಿ ಚಿತ್ರಾನ್ನ ತಿಂದು, ಹೆದ್ದಾರಿಯಲ್ಲಿ ಹೋಗುವ ಇನ್ನೊಂದು ಬಸ್ಸು ಹಿಡಿದೆ. ನಡುವೆ ಒಂದು ಢಾಬಾದ ಮುಂದೆ ಟೀಗೆಂದು ನಿಲ್ಲಿಸಿದರು. ನಾನು ಹಿಂದುಗಡೆ ಹೋದೆ. ಮಿಕ್ಕ ಅನ್ನ, ರೊಟ್ಟಿ, ಮೂಳೆ ಎಲ್ಲವನ್ನೂ ಹಳ್ಳದ ದಂಡೆಗೆ ಸುರಿದಿದ್ದರು. ಅದರ ಮೇಲೆ ನಡುಹಗಲಲ್ಲಿ ಇಲಿಗಳು ಓಡಾಡುತ್ತಿದ್ದವು, ಹೆಜ್ಜೆ ಸಪ್ಪಳಕ್ಕೂ ಚದುರದೆ. ಹಿಂದೆ ಈ ಹಳ್ಳದಲ್ಲಿ ನರಿ ಊಳಿಡುತ್ತಿದ್ದವು. ಗಂಗಕ್ಕನ ಮದುವೆಗೆ ಬಂದಾಗ ಆ ಕೂಗಿಗೆ ಹೆದರಿ ನಾನು ಚಾಪೆ ಸರಿಸಿಕೊಂಡು ಅಜ್ಜಿಯ ಪಕ್ಕ ಮಲಗಿದ್ದೆ. ಈಗ ರಸ್ತೆ ದಾಟಲಾರದೆ ಅವೂ ಇಲ್ಲ.

ಜವನಗೊಂಡನಹಳ್ಳಿಯಲ್ಲಿ ಇಳಿದು ಹೊಲದ ಹಾದಿ ಹಿಡಿದೆ. ಬಾವ ಎದುರಿಗೆ ಬಂದರು. ಬಂದ್ಯೇನಪ್ಪ ಎಂದವರು ನನ್ನ ಹೆಗಲ ಮೇಲಿನ ಪೆಟ್ಟಿಗೆ ನೋಡಿ ಮುಖ ತಿರುಗಿಸಿದರು. ಮನೆಗೆ ಕರೆಯದೆ ನೇರ ಪಂಪ್‌ಶೆಡ್ಡಿಗೆ ನಡೆದರು. ಒಳಗೆ ನೆಲದ ಮೇಲೆ ಒಂದು ಟವೆಲ್ ಮುಚ್ಚಿತ್ತು. ಸರಿಸಿದರು. ಗೂಬೆ ಮಲಗಿದಂತಿತ್ತು. ಮೈಮೇಲೆ ಗಾಯವಿಲ್ಲ, ಕೊಕ್ಕಿನ ಹತ್ತಿರ ಮಾತ್ರ ಸ್ವಲ್ಪ ರಕ್ತ ಒಣಗಿತ್ತು. ಬೆಳಿಗ್ಗೆ ನೋಡಿದಾಗಲೇ ಕೆಳಗೆ ಬಿದ್ದಿತ್ತಂತೆ. ಇನ್ನೊಂದು ಎಲ್ಲಿಗೋ ಹೋಗಿತ್ತು.

"ಹೊಲಕ್ಕೆ ಒಂದ್ ಚೂರು ಮದ್ದು ಹಾಕಿಲ್ಲ ಕಣಪ್ಪ. ಪಕ್ಕದೋರ ಹೊಲ ಉತ್ತು ಖಾಲಿ ಬಿದ್ದೈತೆ. ಎಲ್ಲಿ ತಿಂದ್ಕಂಡು ಬಂತೋ."

ಬಾಗಿಲ ಹತ್ತಿರ ಗಂಗಕ್ಕ ನಿಂತಿದ್ದಳು. ಯಾವಾಗ ಬಂದಳೋ ತಿಳಿಯಲಿಲ್ಲ. ಕೈಯಲ್ಲಿ ನನಗೆಂದು ತಂದ ಮಜ್ಜಿಗೆಯ ಚೊಂಬಿತ್ತು.

"ಹಾಕಿದ್ದು ನಾನು. ಹೊಲಕ್ಕಲ್ಲ, ಮನೆ ಅಟ್ಟಕ್ಕೆ."

ಮುಂಗಾರಿಗೆಂದು ಎತ್ತಿಟ್ಟ ಬಿತ್ತನೆ ಕಾಯಿಯ ಚೀಲಗಳನ್ನು ಇಲಿ ಕಡಿದು ಹಾಕುತ್ತಿದ್ದವಂತೆ. ಬೆಕ್ಕೊಂದಿತ್ತು, ಅದೂ ಹೆದ್ದಾರಿಗೆ ಬಲಿಯಾಗಿತ್ತು. ಅಂಗಡಿಯವನು ನೀಲಿ ಬಿಲ್ಲೆ ಕೊಟ್ಟು, ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಬಾಯಾರಿ ನೀರು ಹುಡುಕಿ ಹೊರಗೆ ಹೋಗಿ ಸಾಯುತ್ತದೆ, ಮನೆಯಲ್ಲಿ ನಾತ ಬರುವುದಿಲ್ಲ ಎಂದಿದ್ದನಂತೆ. ಅಕ್ಕ ಪ್ರತಿ ಬೇಸಿಗೆ ಹಕ್ಕಿಗಳಿಗೆಂದು ಅಂಗಳದಲ್ಲಿ ಮಣ್ಣಿನ ಬಾನಿಗೆ ನೀರು ತುಂಬಿಡುವವಳು. ಇಲಿ ಅಂಗಳದಲ್ಲಿ ಸಾಯುವುದು ಬೇಡವೆಂದು ಈ ಸಲ ಆ ಬಾನಿಯನ್ನು ಪಂಪ್‌ಶೆಡ್ಡಿನ ಬಾಗಿಲಿಗೆ ಸರಿಸಿದ್ದಳು. ಸಂಜೆಯಾದರೆ ಮದ್ದು ತಿಂದ ಇಲಿಗಳು ತೂರಾಡುತ್ತಾ ಅಲ್ಲಿಗೆ ಬರುತ್ತಿದ್ದವು. ಮೇಲೆ ತೊಲೆಯ ಮೇಲೆ ಗೂಬೆಗಳು.

ಬಾವ ಟವೆಲ್ ಎಳೆದು ಗೂಬೆಯ ಮೇಲೆ ಮತ್ತೆ ಮುಚ್ಚಿದರು. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. ಚೊಂಬನ್ನು ಕೆಳಗಿಟ್ಟು ಅವಳೇ ಮಾತು ಮುಂದುವರಿಸಿದಳು.

"ಮ್ಯಾಲೆ ಅವು ಕುಂತಿರೋದು ನಂಗೊತ್ತಿತ್ತು ಕಣೋ ತಮ್ಮ. ಮನೆ ಕಳ್ಕಂಡವೆ ಪಾಪ, ಕುಂತ ಜಾಗಕ್ಕೇ ಊಟ ಬರ್ಲಿ ಬಿಡು ಅಂದ್ಕಂಡೆ. ಸತ್ತಿರೋ ಇಲೀನ ಅವು ಮುಟ್ಟಲ್ಲ, ಬದುಕಿರೋದ್ರಲ್ಲಿ ಏನ್ ವಿಷ ಇದ್ದೀತು ಅಂತ."

ಅಕ್ಕ ಹೊರಗೆ ಹೋಗಿ ಬಾನಿಯ ನೀರು ತಿಪ್ಪೆಗುಂಡಿಗೆ ಚೆಲ್ಲಿ ಅದನ್ನು ಬೋರಲು ಹಾಕಿದಳು. ಅಟ್ಟ ಹತ್ತಿ ಮಿಕ್ಕ ಬಿಲ್ಲೆಗಳನ್ನೆಲ್ಲ ಕವರಿಗೆ ತುಂಬಿಕೊಂಡು ಇಳಿದಳು. ಬಿದ್ದ ಹುಣಸೆಯ ಬುಡದಲ್ಲಿ ಬಾವ ಆಳವಾಗಿ ಗುಂಡಿ ತೋಡಿದರು. ಮಣ್ಣು ಮಾಡುವ ಮುಂಚೆ ಅಕ್ಕ ವಿಭೂತಿ ತಂದಳು. ಆಗಲೇ ಬೆಳ್ಳಗಿದ್ದ ಆ ಮುಖ ನೋಡಿ, ಹಚ್ಚದೆ, ಗಟ್ಟಿಯನ್ನು ಅದರ ಪಕ್ಕದಲ್ಲಿಟ್ಟಳು.

ಪೆಟ್ಟಿಗೆಯನ್ನು ವಾಪಸು ಒಯ್ಯುತ್ತೇನೆ ಎಂದೆ. ಬಾವ ಕೇಳಲಿಲ್ಲ. ಇನ್ನೊಂದು ಬರಬಹುದು, ಬಂದರೆ ನೋಡಲಿ ಎಂದರು. ಹಳೆಯ ಕಬ್ಬಿಣದ ಕಂಬವೊಂದನ್ನು ನೆಟ್ಟು, ಇಲಿ ಹತ್ತದಂತೆ ನಡುವಿಗೆ ತಗಡು ಸುತ್ತಿ, ಮೇಲೆ ಪೆಟ್ಟಿಗೆ ಕಟ್ಟಿದೆವು. ಕಿಂಡಿ ಮೂಡಣಕ್ಕೆ. ಕತ್ತಲಾಗುವ ಮುಂಚೆ ಅದು ಬಂತು. ಸದ್ದಿಲ್ಲದೆ ಹೊಲದ ಮೇಲೆ ಒಂದು ಸುತ್ತು ಹಾಕಿ, ಪಂಪ್‌ಶೆಡ್ಡಿನೊಳಗೆ ಹೋಗಿ, ಹೊರಗೆ ಬಂದು, ಹೊಲದಲ್ಲಿ ಉಳಿದಿದ್ದ ಜಾಲಿಯ ಕವೆಯೊಂದರ ಮೇಲೆ ಕೂತು ಕಿರುಚಿತು. ಆ ಕೂಗು ಬಟ್ಟೆ ಹರಿದಂತೆ ಇರುತ್ತದೆ, ಕಿವಿಗೆ ಹಿತವಲ್ಲ. ಅಂದು ಅದಕ್ಕೆ ಮರುಕೂಗು ಬರಲಿಲ್ಲ.

ಬೆಳಿಗ್ಗೆ ಬಾವ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದರು. ಹೆದ್ದಾರಿಯಿಂದ ತಿರುಗಿ ನೋಡಿದರೆ ಬೋಳು ಹೊಲದ ನಡುವೆ ಕಂಬ, ಕಂಬದ ಮೇಲೆ ನನ್ನ ಪೆಟ್ಟಿಗೆ, ಅದರ ಕಪ್ಪು ಕಿಂಡಿ ಕಾಣುತ್ತಿತ್ತು. ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಬರುವಾಗ ಗಾಳಿಯಂತ್ರಗಳು ಗುಡ್ಡದ ಸಾಲಿನ ಮೇಲೆ ತಿರುಗುತ್ತಿದ್ದವು. ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಹೊಳಲ್ಕೆರೆಯ ಬಸ್ಸಿನಲ್ಲಿ ಕೂತೆ. ಆಗ ಅಕ್ಕನ ಫೋನು ಬಂತು.

ಬುಲ್‌ಬುಲ್, ಗೊರವಂಕ ಎಲ್ಲ ಬಂದು ಬೋರಲು ಬಾನಿಯ ಮೇಲೆ ಕೂತಿವೆ, ನೀರು ಹಾಕಲೋ ಬೇಡವೋ ಎಂದು ಕೇಳಿದಳು. ಬಿಲ್ಲೆ ತೆಗೆದರೂ ಮೊದಲೇ ತಿಂದ ಇಲಿಗಳು ಇನ್ನೂ ಕೆಲವು ದಿನ ನೀರಿಗೆ ಬರುತ್ತವಲ್ಲ. ಕೆಳಗೆ ಇಡಬೇಡ, ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಅಂಗಳದಲ್ಲಿ ಎತ್ತರಕ್ಕೆ ತೂಗುಹಾಕು ಎಂದೆ. ಹೂಂ ಎಂದಳು. ಫೋನು ಇಡಲಿಲ್ಲ. ಗೂಬೆ ಪೆಟ್ಟಿಗೆಗೆ ಬಂತೇ ಎಂದು ನಾನೇ ಕೇಳಿದೆ.

"ಇಲ್ಲ ಕಣೋ. ಬೆಳಕು ಹರಿಯೋವರ್ಗೂ ಶೆಡ್ಡಿನ ಬಾಗಿಲಾಗೆ ಕುಂತಿತ್ತು. ಬಾನಿ ಇಟ್ಟಿದ್ದ ಜಾಗಾನೇ ನೋಡ್ತಿತ್ತು."

ಡ್ರೈವರ್ ಬಸ್ಸು ತೆಗೆದ. ಪಕ್ಕದವರು ಬರುವಾಗ ಸೀಟು ಬಿಟ್ಟುಕೊಡಲು ಸರಿದೆ. ತೊಡೆಯ ಮೇಲೆ ಪೆಟ್ಟಿಗೆ ಇಲ್ಲ ಎಂಬುದು ನೆನಪಾಗಿ, ಅದನ್ನು ಹಿಡಿದಂತೆ ಇಟ್ಟುಕೊಂಡಿದ್ದ ಕೈಗಳನ್ನು ತೆಗೆದೆ.