ಆಷಾಢದಲ್ಲಿ ಬಳೆ ಪದ

ಮದುವೆ ಶಾಸ್ತ್ರಗಳ ಮೇಲೆ ಪಿಎಚ್.ಡಿ. ಮಾಡಲು ಹೊರಟವಳು ಆಷಾಢದಲ್ಲಿ ಹಳ್ಳಿಗೆ ಹೋಗಿ "ಮದುವೆ ಹಾಡು ಹೇಳಿ" ಅಂದರೆ ಜನ ಏನು ಮಾಡಬೇಕು? ಅಮೃತೂರಿನ ಆ ಅಜ್ಜಿ ಎದ್ದು ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಆಮೇಲೆ ಸಾವಕಾಶವಾಗಿ ನಕ್ಕರು.

"ಆಸಾಡದಾಗೆ ಹಸೆ ಪದ ಕೇಳಕ್ಕೆ ಬಂದವ್ಳಲ್ಲವ್ವ! ಹೆಣ್ಣಿಲ್ಲ, ಗಂಡಿಲ್ಲ, ಹಸೆ ಮ್ಯಾಲೆ ಯಾರ್ನ ಕೂರ್ಸಾನ? ನಿನ್ ಟೇಪ್‌ರೆಕಾರ್ಡರ್‌ನಾ?"

ಜಗುಲಿಯ ತುಂಬ ನಗು. ನನಗೂ ನಗು ಬರಬೇಕಿತ್ತು, ಬಂದದ್ದು ಸಿಟ್ಟು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮಿ ಬೈಯುತ್ತಿದ್ದದ್ದು ಸುಳ್ಳಲ್ಲ.

ಅದು ಎಂಬತ್ತರ ದಶಕದ ಆರಂಭ. ನಾನು ತುಮಕೂರಿನ ಬಳೆ ಅಂಗಡಿ ಸಾಬರ ಮಗಳು. ಅಂಗಡಿಯ ಮೂಲೆಯಲ್ಲಿ ಕೂತು ಮದುವಣಗಿತ್ತಿಯರ ಕೈಗಳನ್ನು ನೋಡುತ್ತಲೇ ಬೆಳೆದವಳು. ಹಿಂದೂ ಮದುವೆಯ ಆಚರಣೆಗಳೇ ನನ್ನ ಸಂಶೋಧನೆಯ ವಿಷಯ ಅಂದಾಗ ಗೈಡ್ ಕನ್ನಡಕ ತೆಗೆದಿಟ್ಟರು. "ನೋಡಮ್ಮ, ಒಳಮನೆಯ ಶಾಸ್ತ್ರಗಳಿಗೆ ನಿನ್ನನ್ನ ಬಿಟ್ಟುಕೊಳ್ಳೋದು ಕಷ್ಟ. ದರ್ಗಾಗಳ ಮೇಲೆ ಮಾಡು, ನಿನಗೇ ಅನುಕೂಲ. ಹಟ ಅನ್ನೋದಾದರೆ, ಶಾಸ್ತ್ರ ನಡೀತಿರುವಾಗಲೇ ಹಾಡಿದ ಒಂದು ಹಾಡನ್ನ ರಜೆ ಮುಗಿಯೋದರೊಳಗೆ ರೆಕಾರ್ಡ್ ಮಾಡಿ ತಾ. ಇಲ್ಲದಿದ್ದರೆ ವಿಷಯ ಬದಲಾಯಿಸೋಣ."

ದರ್ಗಾಗಳ ಮೇಲೆ ನನಗೇನೂ ಬೇಸರವಿರಲಿಲ್ಲ. ಆದರೆ ನನ್ನ ವಿಷಯವನ್ನು ನನ್ನ ಹೆಸರು ನೋಡಿ ಇನ್ನೊಬ್ಬರು ಆರಿಸುವುದೆಂದರೆ ಮೈ ಉರಿಯಿತು. ಆ ಉರಿಯಲ್ಲಿ ಪಂಚಾಂಗ ನೋಡುವುದು ಮರೆತೇಹೋಗಿತ್ತು.

ನನ್ನ ಮುಖ ನೋಡಿ ಅಜ್ಜಿಗೆ ಕನಿಕರ ಬಂತೇನೋ. "ಅಳ್ಬ್ಯಾಡ ಕಣವ್ವ. ಹೋದ್ ವೈಶಾಖದಾಗೆ ಮದ್ವೆ ಆದ ಹೆಣ್ಮಕ್ಳೆಲ್ಲ ಆಸಾಡಕ್ಕೆ ತವ್ರಿಗೆ ಬಂದವ್ರೆ. ಗಂಡನ್ ಮನೆಗೆ ಕಳ್ಸೋಕೆ ಮುಂಚೆ ಬಳೆ ತೊಡಿಸ್ಬೇಕು, ಬಳೆ ಪದ ಹೇಳ್ಬೇಕು. ಆದ್ರೆ ಬಳೆಗಾರ ಜಗಲಿ ಮ್ಯಾಲೆ ಮಲಾರ ಬಿಚ್ದೆ ನಾವು ಬಾಯ್ ಬಿಡಾಕಿಲ್ಲ."

"ಬಳೆಗಾರನ್ನ ನಾನು ಕರ್ಕೊಂಡ್ ಬರ್ತೀನಿ" ಅಂದೆ.

ಅಬ್ಬಾ ಹೆಗಲಿಗೆ ಬಳೆಗಳ ಮಲಾರ ಹಾಕಿಕೊಂಡು ಊರೂರು ತಿರುಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ವಿಷಯ ಕೇಳಿದವರೇ ಅಟ್ಟದಿಂದ ಹಳೆಯ ಹಗ್ಗ ಇಳಿಸಿ, ಧೂಳು ಕೊಡವಿ, ಹಸಿರು ಬಳೆಗಳನ್ನು ಕಟ್ಟು ಕಟ್ಟಾಗಿ ಪೋಣಿಸತೊಡಗಿದರು. ಪ್ರೈವೇಟ್ ಬಸ್ಸಿನಲ್ಲಿ ಆ ಬಳೆ ಹೊರೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಪಕ್ಕದವರನ್ನು ದೂರ ಸರಿಸುತ್ತ ಬಂದರು.

ಜಗುಲಿಯ ಮೇಲೆ ಮಲಾರ ಬಿಚ್ಚಿದ್ದೇ ತಡ, ಹೆಂಗಸರು ಸುತ್ತ ಕೂತರು. ಅಜ್ಜಿ ಪದ ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಹಾಡಿನಲ್ಲೇ ಬಳೆಗಾರನನ್ನು ಎಲ್ಲಿಂದ ಬಂದೆ, ಯಾರ ಮನೆ ಹುಡುಕಿಕೊಂಡು ಬಂದೆ ಎಂದು ಕೇಳುತ್ತಾರೆ. ಬಳೆ ಗಟ್ಟಿಯಿಲ್ಲ ಎಂದು ಹಂಗಿಸುತ್ತಾರೆ. ನಾನು ಬಟನ್ ಒತ್ತಿ ಟೇಪ್‌ರೆಕಾರ್ಡರನ್ನು ಹತ್ತಿರ ಸರಿಸಿದೆ. ಆಗ ಹೊಸ ಮದುಮಗಳ ಕೈಯನ್ನು ಮೆತ್ತಗೆ ಹಿಸುಕಿ ಬಳೆ ಏರಿಸುತ್ತಿದ್ದ ಅಬ್ಬಾ, ತಲೆ ಎತ್ತದೆ, ಅದೇ ಧಾಟಿಯಲ್ಲಿ ಉತ್ತರ ಹಾಡಿದರು! ಮನೆಯಲ್ಲಿ ಒಂದು ಸಾಲನ್ನೂ ಗುನುಗದ ಮನುಷ್ಯ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಬಳೆ ತೊಟ್ಟ ಹುಡುಗಿಯರು ಒಬ್ಬೊಬ್ಬರೇ ಬಾಗಿ ಅಬ್ಬಾಗೆ ನಮಸ್ಕಾರ ಮಾಡಿದರು. "ಮುತ್ತೈದೆಯಾಗಿ ಬಾಳವ್ವ" ಎಂದು ಅವರು ಪ್ರತಿಯೊಬ್ಬಳನ್ನೂ ಹರಸಿದರು. ಅಷ್ಟರಲ್ಲಿ ಅಜ್ಜಿಯ ಕಣ್ಣು ವಾಚು ಬಿಟ್ಟರೆ ಬೇರೇನೂ ಇಲ್ಲದ ನನ್ನ ಕೈಗಳ ಮೇಲೆ ಬಿತ್ತು.

"ಸಾಬ್ರೆ, ಇದೇನ್ ಹಿಂಗೆ? ನಿಮ್ ಮಗಳ ಕೈ ಬರಿದಾಗವೆ?"

"ನನ್ ಮಾತು ಎಲ್ ಕೇಳ್ತಾಳೆ ತಾಯಿ? ದೊಡ್ ಓದು ಓದ್ತಾವ್ಳೆ."

"ಓದ್ಲಿ ಬುಡಿ. ತವ್ರಿಗೆ ಬಂದ್ ಹೆಣ್ಣು ಬರಿಗೈಲಿ ಹೋಗ್ಬಾರ್ದು" ಎಂದು ಅಜ್ಜಿ ನನ್ನ ಕೈ ಹಿಡಿದೆಳೆದು ಅಬ್ಬಾನ ಮುಂದಿಟ್ಟರು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ನನಗೆ.

ಆ ಟೇಪನ್ನು ಗೈಡ್ ಮುಂದೆ ಹಾಕಿದೆ. ಹಾಡಿನ ನಡುವೆ ಬಳೆ ಸದ್ದು, ಕೋಳಿ ಕೂಗು, ನನ್ನದೇ ಕಿಲಕಿಲ ನಗು. ಸಂಶೋಧಕರು ದೂರ ನಿಂತು ನೋಡಬೇಕು ಎಂಬ ಅವರ ಪಾಠಕ್ಕೆ ಎಳ್ಳುನೀರು ಬಿಟ್ಟಂತಾಗಿತ್ತು.

"ಆ ಗಂಡಸಿನ ದನಿ ಯಾರದು?"

"ನಮ್ಮ ತಂದೆಯದು, ಸರ್."

ಅವರು ಟೇಪನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದರು. "ಒಳಮನೆಗೆ ಬಿಟ್ಟುಕೊಳ್ಳಲ್ಲ ಅಂದಿದ್ದೆ. ನಾನು ಹುಟ್ಟೋ ಮುಂಚೆಯೇ ನೀವು ಬಳೆಗಾರರು ಅಲ್ಲಿದ್ದಿರಿ" ಅಂದರು. "ವಿಷಯ ಹಾಗೇ ಇರಲಿ."

ಅಂಗಡಿಗೆ ಓಡಿಬಂದು ಹೇಳಿದೆ. ಅಬ್ಬಾ ಯಾರದೋ ಕೈಗೆ ಬಳೆ ಏರಿಸುತ್ತಿದ್ದರು. ಮನೆಯಲ್ಲಿ ಉರ್ದುವಾದರೂ ಗಿರಾಕಿಗಳ ಮುಂದೆ ಅವರದು ಯಾವಾಗಲೂ ಕನ್ನಡವೇ.

"ಸ್ರಾವಣದಾಗೆ ಗುಬ್ಬೀಲಿ ಮದ್ವೆಗಳವೆ. ಅಂಗಡಿ ನಿಮ್ಮಮ್ಮ ನೋಡ್ಕತಾಳೆ. ಆ ಮಿಷನ್ ಹೆಂಗೆ ಒತ್ತೋದು ಅಂತ ನಂಗೂ ತೋರ್ಸು. ನೀನು ಹೆಂಗಸ್ರ ಜೊತೆ ಕೂತ್ಕಂಡು ಹಾಡು."