ಇಸ್ತ್ರಿ ಬಟ್ಟೆಯೊಳಗಿನ ಸುಸ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿಯ ನೆಲಮಾಳಿಗೆಯಲ್ಲಿ ಮಾತ್ರ ದೀಪಗಳೆಲ್ಲ ಉರಿಯುತ್ತಿವೆ. ಒಗೆಯುವ ಯಂತ್ರಗಳು ಗುಡುಗುಡು ಎನ್ನುತ್ತಿವೆ, ಇಸ್ತ್ರಿ ರೋಲರಿನಿಂದ ಬಿಸಿ ಬೆಡ್‌ಶೀಟುಗಳು ಒಂದರ ಹಿಂದೊಂದು ಜಾರಿ ಬರುತ್ತಿವೆ. ಅತ್ತ ತುದಿಯಲ್ಲಿ ದೊಡ್ಡಮ್ಮ, ಇತ್ತ ತುದಿಯಲ್ಲಿ ಗೆರೆಯಕ್ಕ. ಇಬ್ಬರೂ ಮೂಲೆ ಹಿಡಿದು ಒಮ್ಮೆ ಜಗ್ಗುತ್ತಾರೆ, ಪಟ್ ಎಂದು ಸದ್ದಾಗುತ್ತದೆ. ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸುತ್ತಾರೆ, ಮತ್ತೆ ಹಿಂದಕ್ಕೆ ಸರಿಯುತ್ತಾರೆ. ಹೊಸಬರು ನೋಡಿದರೆ ಇವರು ಕುಣಿತ ಕಲಿಯುತ್ತಿದ್ದಾರೆ ಅಂದುಕೊಂಡಾರು.

ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ. ಇಲ್ಲಿ ಎಲ್ಲರಿಗಿಂತ ಹಳಬರು, ಅಷ್ಟೇ. ಗೆರೆಯಕ್ಕನಿಗೆ ಆ ಹೆಸರು ಅಂಟಿದ್ದು ಡಾಕ್ಟರುಗಳ ಕೋಟಿಗೆ ಇಸ್ತ್ರಿ ಹಾಕುವ ಪರಿಯಿಂದ. ತೋಳಿನ ಮೇಲೆ ಅವರು ಕೂರಿಸಿದ ಗೆರೆ ಸಂಜೆಯವರೆಗೂ ಕದಲುವುದಿಲ್ಲ. ಅವರದೇ ಮೈಮೇಲಿನ ಬಟ್ಟೆಯಲ್ಲೂ ಸುಕ್ಕು ಹುಡುಕಿದರೆ ಸಿಕ್ಕದು. “ಬಟ್ಟೆ ಒಗೆಯೋಳ ಬಟ್ಟೇನೇ ಮುದುರಿದ್ರೆ ಜನ ಏನಂದಾರು?” ಎಂದು ಕೇಳುತ್ತಾರೆ. ಈ ಮಾತು ನೆನಪಿರಲಿ. ಇದೇ ಮಾತು ಅವರನ್ನು ವರ್ಷಗಟ್ಟಲೆ ಗೋಳು ಹೊಯ್ದುಕೊಂಡಿದೆ.

ಬಿಸಿಲು ಏರುವಷ್ಟರಲ್ಲಿ ಗೆರೆಯಕ್ಕ ಬೇರೆಯೇ ಹೆಂಗಸು. ಎಡಗಾಲು ನೆಲ ಸವರುತ್ತದೆ, ಎಡಗೈಯಿಂದ ಮೂಲೆ ಜಾರುತ್ತದೆ, ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಲ್ಲುತ್ತದೆ. “ಬೆಳಿಗ್ಗೆ ನಾನು ಕುದುರೆ. ಮಧ್ಯಾಹ್ನ ಒದ್ದೆ ಕಂಬಳಿ. ಯಾರಾದ್ರೂ ಎತ್ತಿ ಆ ಕಡೆ ಹಾಕ್ಬೇಕು” ಎಂದು ತಮ್ಮನ್ನು ತಾವೇ ಆಡಿಕೊಂಡು ನಗುತ್ತಾರೆ. ಅವರಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳ ಹೊದಿಕೆಯನ್ನು ಹಾಳುಗೆಡಹುವ ಕಾಯಿಲೆ. ಅವರಿಗೆ ಅರ್ಥವಾಗಿರುವುದು ಹೀಗೆ: “ಇಸ್ತ್ರಿಪೆಟ್ಟಿಗೆ ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋದ್ರೆ ಏನಾಗುತ್ತೆ? ಕರೆಂಟು ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ಸೆಕೆ ಆದ್ರೆ ಇನ್ನೂ ಕಷ್ಟ.” ಹಾಗಿದ್ದೂ ಮೊನ್ನೆಮೊನ್ನೆಯವರೆಗೆ ದಿನವಿಡೀ ನಿಲ್ಲುತ್ತಿದ್ದುದು ರೋಲರಿನ ಝಳದ ಮುಂದೆಯೇ.

ಮೊದಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಒಬ್ಬ ಡಾಕ್ಟರು ರಕ್ತ ಕಮ್ಮಿ ಎಂದು ಮಾತ್ರೆ ಕೊಟ್ಟರು. ಇನ್ನೊಬ್ಬರು ಕನ್ನಡಕ ಸರಿಸಿ, “ಮನೇಲಿ ಏನಾದ್ರೂ ಜಗಳಾನಾ?” ಎಂದರು. ಮತ್ತೊಬ್ಬರು ದಿನಾ ನಡೆಯಿರಿ ಎಂದರು. ಹೊತ್ತು ಮೂಡುವ ಮೊದಲೇ ಎದ್ದು ನಿಂತೇ ದುಡಿಯುವವರಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಕೊನೆಗೆ ಒಂದು ಕಣ್ಣು ಮಂಜಾಗಿ, ತಲೆಯ ಸ್ಕ್ಯಾನ್ ಆಗಿ, ಕಾಯಿಲೆಗೆ ಹೆಸರು ಸಿಕ್ಕಿತು. ಆ ದಿನ ಗೆರೆಯಕ್ಕನಿಗೆ ಒಳಗೊಳಗೇ ಸಮಾಧಾನವಾಯಿತಂತೆ. “ನಾನು ಮೈಗಳ್ಳಿ ಅಲ್ಲ ಅಂತಾಯ್ತಲ್ಲ, ಅಷ್ಟು ಸಾಕಿತ್ತು.”

ಅಷ್ಟು ಸಾಕಾಗಲಿಲ್ಲ. ಚುಚ್ಚುಮದ್ದಿನಿಂದ ಕಾಯಿಲೆ ಹಿಡಿತಕ್ಕೆ ಬಂತು, ಕಣ್ಣೂ ತಿಳಿಯಾಯಿತು, ಸುಸ್ತು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ನರರೋಗದ ಡಾಕ್ಟರು ಪ್ರತಿಸಲ ಸ್ಕ್ಯಾನ್ ಬೆಳಕಿಗೆ ಹಿಡಿದು ಹೇಳುತ್ತಿದ್ದುದು ಒಂದೇ ಮಾತು: “ಹೊಸದೇನೂ ಇಲ್ಲಮ್ಮ. ನೋಡೋಕೂ ಚೆನ್ನಾಗೇ ಇದೀರಿ. ಸುಸ್ತು ಯಾರಿಗಾಗಲ್ಲ ಹೇಳಿ, ನನಗೂ ಆಗುತ್ತೆ.” ಗೆರೆಯಕ್ಕ ತಲೆಯಾಡಿಸಿ ಎದ್ದು ಬರುತ್ತಿದ್ದರು. ಹೋದ ಪುಟ್ಟ, ಬಂದ ಪುಟ್ಟ. ಆ ಡಾಕ್ಟರ ಕೋಟಿನ ಜೇಬಿನಲ್ಲಿ ಒಂದು ಶಾಯಿ ಕಲೆಯಿದೆ. ಅದನ್ನು ತಿಕ್ಕಿ ತಿಕ್ಕಿ ತೆಳುಮಾಡಿದವರು, ತೋಳಿಗೆ ಗೆರೆ ಕೂರಿಸಿದವರು ಎದುರಿಗೇ ಕೂತಿದ್ದಾರೆಂಬುದು ಅವರಿಗೇನು ಗೊತ್ತು?

ಮನೆಯಲ್ಲೂ ಅಷ್ಟೇ. ಗಂಡ ಬಸ್ಸಿನ ಡ್ರೈವರು, ಕೆಟ್ಟವರಲ್ಲ. ಆದರೆ ಡಾಕ್ಟರೇ ಚೆನ್ನಾಗಿದ್ದಾಳೆ ಎಂದಮೇಲೆ ಪಾಪ ಅವರಾದರೂ ಏನು ಮಾಡಿಯಾರು? “ಬೆಳಿಗ್ಗೆ ನೆಟ್ಟಗೇ ಇದ್ಯಲ್ಲೇ?” ಎಂದುಬಿಡುತ್ತಿದ್ದರು. ಗಾಯದ ಮೇಲೆ ಬರೆ.

ಈ ನಡುವೆ ಹರಿದ ಬಟ್ಟೆ ಹೊಲಿಯುವ ಕೋಣೆಯಲ್ಲಿ ಒಂದು ಜಾಗ ತೆರವಾಯಿತು. ತಣ್ಣಗಿನ ಕೋಣೆ, ಕಿಟಕಿ, ಫ್ಯಾನು, ಎಲ್ಲಕ್ಕಿಂತ ಮಿಗಿಲಾಗಿ ಕುರ್ಚಿ. ಗೆರೆಯಕ್ಕನ ಕಣ್ಣು ಆ ಕುರ್ಚಿಯ ಮೇಲೆ ಬಿತ್ತು. ಮೇಲ್ವಿಚಾರಕರು ಕಡ್ಡಿ ತುಂಡು ಮಾಡಿದಂತೆ ಹೇಳಿದರು: “ಸೆಕೆ ತಡೆಯೋಕೆ ಆಗಲ್ಲ, ನಿಂತ್ಕೊಳ್ಳೋಕೆ ಆಗಲ್ಲ ಅಂತ ಡಾಕ್ಟರು ಒಂದು ಮಾತು ಹೇಳ್ಲಿ, ಕೊಡ್ತೀನಿ. ಇಲ್ಲಾಂದ್ರೆ ರೋಲರೇ. ಅದೂ ಆಗಲ್ಲ ಅಂದ್ರೆ ಮನೇಲಿರಿ.” ಡಾಕ್ಟರನ್ನು ಕೇಳಿದರೆ, ಸ್ಕ್ಯಾನ್ ಸರಿಯಿದ್ದಾಗ ಏನಂತ ಹೇಳಲಿ ಎಂದರು.

ಗಂಟು ಬಿಡಿಸಿದ್ದು ದೊಡ್ಡಮ್ಮ, ಅದೂ ತಮಗರಿವಿಲ್ಲದೆಯೇ. ಯಾವಾಗಲೂ ಬೆಳಿಗ್ಗೆಗೆ ಇರುತ್ತಿದ್ದ ಡಾಕ್ಟರ ಭೇಟಿ ಒಂದು ಸಲ ಮಧ್ಯಾಹ್ನಕ್ಕೆ ಬಿತ್ತು. ಪಾಳಿ ಮುಗಿದಾಗ ಗೆರೆಯಕ್ಕ ಬೆವರಿ ತೊಪ್ಪೆಯಾಗಿದ್ದರು, ಬಟ್ಟೆ ಮುದ್ದೆಯಾಗಿತ್ತು. ಆ ಸುಸ್ತಿನಲ್ಲೂ ಚೀಲದಿಂದ ಬೇರೆ ಬಟ್ಟೆ ತೆಗೆದು ಇಸ್ತ್ರಿ ಮೇಜಿನ ಮೇಲೆ ಹರವಿದರು. ಇಸ್ತ್ರಿಪೆಟ್ಟಿಗೆ ಎತ್ತಲಾಗಲಿಲ್ಲ. ದೊಡ್ಡಮ್ಮ ಪೆಟ್ಟಿಗೆ ಕಿತ್ತುಕೊಂಡು ಗದರಿದರು: “ಸಾಕು ಬಿಡೇ! ಮದುವೆಗೆ ಹೊರಟಿದೀಯಾ? ಹೊತ್ತಾಯ್ತು, ಹೀಗೇ ನಡಿ.”

“ಹೀಗೆಲ್ಲ ಹೆಂಗೆ ಬರ್ಲಿ? ನಾಚಿಕೆ ಆಗುತ್ತೆ ದೊಡ್ಡಮ್ಮ.”

“ನಾಚಿಕೆ ನಾನಿಟ್ಕೊತೀನಿ, ನೀನು ಕಾಲೆತ್ತಿಡು.”

ಗೋಡೆ ಹಿಡಿದು, ಕಾಲೆಳೆದು, ನಡುನಡುವೆ ನಿಂತು ಅವರು ಬರುತ್ತಿರುವಾಗ ಡಾಕ್ಟರು ಊಟ ಮುಗಿಸಿ ಅದೇ ಕಾರಿಡಾರಿನಲ್ಲಿ ಹಿಂದೆ ಬರುತ್ತಿದ್ದರು. ಮುಂದಿರುವವರು ಯಾರೆಂದು ಅವರಿಗೆ ಗುರುತು ಸಿಗಲಿಲ್ಲ. ಕೋಣೆಗೆ ಬಂದಮೇಲೆ ಸಿಕ್ಕಿತು. ಎಳೆಯುತ್ತಿದ್ದ ಕಾಲಿನತ್ತ ಕೈತೋರಿ, “ಇದು ಯಾವಾಗಿಂದಮ್ಮ?” ಎಂದರು.

“ನಾನು ಹೇಳ್ತಾನೇ ಇದ್ದೆನಲ್ಲ ಸಾರ್” ಎಂದರು ಗೆರೆಯಕ್ಕ. ಆಮೇಲೆ ಅಳು ಬಂತು, ತಡೆಯಲಿಲ್ಲ. ಡಾಕ್ಟರು ಸ್ಕ್ಯಾನ್ ಕೆಳಗಿಟ್ಟರು. ಮೊದಲ ಸಲ ದಿನವೆಲ್ಲ ಹೇಗೆ ಕಳೆಯುತ್ತದೆಂದು ಕೇಳಿದರು, ಕೇಳಿಸಿಕೊಂಡರು ಕೂಡ. ಆಮೇಲೆ ತಾವೇ ಮೇಲ್ವಿಚಾರಕರಿಗೆ ಫೋನು ಹಚ್ಚಿದರು.

ಈಗ ಗೆರೆಯಕ್ಕ ನಸುಕಿನಲ್ಲಿ ತುಸು ಹೊತ್ತು ದೊಡ್ಡಮ್ಮನ ಎದುರು ಮೂಲೆ ಹಿಡಿಯುತ್ತಾರೆ, ಅದು ಅವರದೇ ಹಟ. ಬಿಸಿಲೇರುವ ಮೊದಲು ಹೊಲಿಗೆ ಕೋಣೆಗೆ ಹೋಗಿ ಕೂರುತ್ತಾರೆ. ಕುತ್ತಿಗೆಗೆ ಒದ್ದೆ ಬಟ್ಟೆ, ಎರಡು ದಿಂಬಿನ ಚೀಲ ಹೊಲಿದರೆ ಕಣ್ಣುಮುಚ್ಚಿ ಒಂದಿಷ್ಟು ವಿರಾಮ. ಮನೆಗೆ ಬಂದರೆ ಗಂಡ ಮೊದಲು ಕುರ್ಚಿ ಎಳೆದುಕೊಟ್ಟು ಆಮೇಲೆ ಮಾತಾಡಿಸುತ್ತಾರೆ. ಸುಸ್ತು ಹೋಗಿದೆಯೇ? “ಎಲ್ಲಿಗೆ ಹೋಗುತ್ತೆ? ನನ್ನ ಜೊತೇಲೇ ಕೂತಿದೆ. ಮೊದಲು ಇಬ್ರೂ ನಿಂತಿದ್ವಿ, ಅಷ್ಟೇ ವ್ಯತ್ಯಾಸ.”

ಕುರ್ಚಿ ಸಿಕ್ಕಿತೆಂದು ನಮಗೂ ಸಂತೋಷ. ಆದರೂ ಸಿಟ್ಟು ಬರುತ್ತದೆ. ಕಾಯಿಲೆಯವರು ಕಾಯಿಲೆಯ ವೇಷ ಹಾಕಿಕೊಂಡೇ ಬರಬೇಕೇ? ಅವರ ಬಾಯಿಮಾತಿಗೆ ಒಂದು ಮುದುರಿದ ಬಟ್ಟೆಯಷ್ಟೂ ಬೆಲೆಯಿಲ್ಲವೇ?

ನಾಳೆ ಮತ್ತೆ ಡಾಕ್ಟರ ಭೇಟಿ, ಈ ಸಲ ಬೆಳಿಗ್ಗೆ. ಗೆರೆಯಕ್ಕ ಕುರ್ಚಿಯಲ್ಲಿ ಕೂತೇ ತಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾರೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಾರೆ: “ಬುದ್ಧಿ ಬರಲಿಲ್ವಾ ನಿನಗೆ? ಮುದುರಿದ್ದೇ ಹಾಕ್ಕೊಂಡು ಹೋಗೇ!”

ಗೆರೆಯಕ್ಕ ತಲೆಯೆತ್ತುವುದಿಲ್ಲ. ತೋಳಿನ ಮೇಲೆ ಪೆಟ್ಟಿಗೆಯನ್ನು ನಿಧಾನವಾಗಿ ಕೊನೆಯವರೆಗೆ ಎಳೆಯುತ್ತಾರೆ.

“ಇಲ್ಲ ದೊಡ್ಡಮ್ಮ. ಇಸ್ತ್ರಿ ಮಾಡಿದ್ದೇ ಹಾಕ್ಕೊಂಡು ಹೋಗ್ತೀನಿ. ಹಂಗೇ ಹೋಗಿ ಸುಸ್ತಾಗುತ್ತೆ ಅಂತೀನಿ. ನಂಬ್ಲಿ.”