ಪಟದೊಳಗಿನ ದೊರೆಮಗ

ತೆಲುಗು ಸೀಮೆಯ ಆಸ್ಪರಿ ಕಡೆಯ ಒಂದು ಊರಿನಲ್ಲಿ ದೊರೆಗಳ ಹಳೆಯ ವಾಡೆಯನ್ನು ದುರಸ್ತಿ ಮಾಡಿಸಿ, ಪಡಸಾಲೆಯಲ್ಲಿ ಮನೆತನದ ಫೋಟೋಗಳನ್ನು ತೂಗುಹಾಕಿದ ದಿನ ಸೋಮೇಶ್ ಊರವರನ್ನೆಲ್ಲ ಕರೆದಿದ್ದ. ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುವ ಅವನು ಆ ಊರಿನ ಕೊನೆಯ ದೊರೆಯ ಮೊಮ್ಮಗ. ವಾಡೆಯಲ್ಲಿ ದುಡಿದವರ ಪೈಕಿ ಉಳಿದವಳು ಉಚ್ಚಮ್ಮ ಒಬ್ಬಳೇ. ಎಂಬತ್ತರ ಹತ್ತಿರದ ಆಕೆಯನ್ನು ಮೊಮ್ಮಗಳು ಮೌನಿಕಾ ಕೈಹಿಡಿದು ಕರೆತಂದಳು.

ಗೋಡೆಯ ನಡುವೆ, ಹಳೆಯ ಫೋಟೋವೊಂದನ್ನು ಹಿಗ್ಗಿಸಿ ಮಾಡಿಸಿದ ಆಳೆತ್ತರದ ಪಟ. ದೊರೆ ಕುರ್ಚಿಯಲ್ಲಿ, ಪಕ್ಕದಲ್ಲಿ ದೊರೆಸಾನಿ, ಇಬ್ಬರ ನಡುವೆ ಜರಿ ರುಮಾಲು ಸುತ್ತಿ, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ಹುಡುಗ. ‘ನಮ್ಮ ತಂದೆ, ಬಾಲ್ಯದಲ್ಲಿ’ ಎಂದು ಸೋಮೇಶ್ ಕೆಳಗೆ ಬರೆಸಿದ್ದ. ಆ ಹುಡುಗ ತಾನೇ ಎಂದು ಉಚ್ಚಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಆ ಫೋಟೋ ತೆಗೆಸಿದ ವರ್ಷ ದೊರೆಯ ಒಬ್ಬನೇ ಮಗ ಜ್ವರದಿಂದ ಹಾಸಿಗೆ ಹಿಡಿದಿದ್ದ. ಅವನಿನ್ನು ಬದುಕುವುದಿಲ್ಲವೆಂದು ದಾಯಾದಿಗಳು ಸುದ್ದಿ ಹಬ್ಬಿಸಿ, ತಮ್ಮ ಹುಡುಗನನ್ನು ದತ್ತು ತೆಗೆದುಕೊಳ್ಳಬೇಕೆಂದು ದುಂಬಾಲು ಬಿದ್ದಿದ್ದರು. ಅವರ ಬಾಯಿ ಮುಚ್ಚಿಸಲು ಗಟ್ಟಿಮುಟ್ಟಾದ ಮಗನ ಫೋಟೋ ಬೇಕಿತ್ತು. ಕಸಮುಸುರೆ ಮಾಡುತ್ತಿದ್ದ ಹುಲುಗಮ್ಮನ ಮಗಳು ಉಚ್ಚಮ್ಮ ಅದೇ ವಯಸ್ಸಿನವಳು, ಅದೇ ಎತ್ತರದವಳು. ಅವಳ ಬಳೆ ತೆಗೆಸಿದರು, ಜಡೆಯನ್ನು ರುಮಾಲಿನೊಳಗೆ ಅಡಗಿಸಿದರು. ಗದ್ದ ಎತ್ತಬೇಕು, ನಗಬಾರದು, ಆಳುವವರ ಮಗ ನಿಲ್ಲುವುದೇ ಹೀಗೆ ಎಂದು ಫೋಟೋದವನು ತಿದ್ದಿದ. ಮುಂಗೈಯ ಹಚ್ಚೆ ಕಾಣದಂತೆ ದೊರೆಸಾನಿ ತನ್ನ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ನೋಡಿದವರಿಗೆ ಅದು ತಾಯಿಯ ಅಕ್ಕರೆ. ಹುಡುಗಿಗೆ ಮಾತ್ರ ಉಸಿರು ಬಿಡಲೂ ಭಯ. ಆಮೇಲೆ ದೊರೆಸಾನಿ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ತಾಯಿ ಮಗಳಿಬ್ಬರಿಂದಲೂ ದೇವರ ಮುಂದೆ ಆಣೆ ಮಾಡಿಸಿಕೊಂಡಳು. ದೊರೆಯ ಮಗ ಚೇತರಿಸಿಕೊಂಡು ಬಾಳಿ ಬದುಕಿದ. ಹುಲುಗಮ್ಮ ಸಾಯುವತನಕ ತುಟಿ ಬಿಚ್ಚಲಿಲ್ಲ.

ಉಚ್ಚಮ್ಮನೂ ಸುಮ್ಮನೆ ಹೊರಟುಬಿಡುತ್ತಿದ್ದಳು. ಅಷ್ಟರಲ್ಲಿ ಹಿಂದೆ ಯಾರೋ ಪಟವನ್ನೂ ಮೌನಿಕಾಳನ್ನೂ ನೋಡಿ, ಅದೇ ಮೂಗು, ಅದೇ ಹುಬ್ಬು, ದೊರೆಮನೆಯದೇ ರಕ್ತ ಎಂದು ಪಿಸುಗುಟ್ಟಿದರು. ಇನ್ನೊಬ್ಬರು ತೆಲುಗಿನಲ್ಲಿ, ಹುಲುಗಮ್ಮ ವಾಡೆಯೊಳಗೆ ಯಾವ ಕೆಲಸಕ್ಕಿದ್ದಳೋ ಎಂದರು. ಸಣ್ಣಗೆ ನಗೆ ಹರಿದಾಡಿತು. ಮೌನಿಕಾ ತಲೆ ತಗ್ಗಿಸಿದಳು.

ಆಣೆ ಉಳಿಸಿದರೆ ಸತ್ತ ತಾಯಿಯ ಮಾನ ಹೋಗುತ್ತದೆ. ಮುರಿದರೆ ದೇವರ ಮುಂದೆ ಕೊಟ್ಟ ಮಾತಿಗೆ ತಪ್ಪಿದಂತೆ. ಉಚ್ಚಮ್ಮ ಹೋಗಿ ಪಟದ ಮುಂದೆ ನಿಂತಳು.

“ಧಣೇರ, ಇದು ನಿಮ್ಮಪ್ಪ ಅಲ್ಲ. ಇಲ್ಲಿ ನಿಂತಾಕಿ ನಾನು.”

ಸೋಮೇಶನ ಮುಖ ಕೆಂಪೇರಿತು. ವಯಸ್ಸಾದವಳು, ಏನೋ ಅನ್ನುತ್ತಾಳೆ, ಕೂರಿಸಿ ಎಂದ. ಆಕೆ ಕೂರಲಿಲ್ಲ. ಜ್ವರದಿಂದ ಹಿಡಿದು ಆಣೆಯವರೆಗೆ ಎಲ್ಲವನ್ನೂ ಹೇಳಿದಳು. ಅದಕ್ಕೆ ಗುರುತೇನು ಎಂದು ಸೋಮೇಶ್ ಗದರಿದ. ಆಕೆ ಸೆರಗು ಸರಿಸಿ ಮುಂಗೈ ಚಾಚಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಚೇಳಿನ ಹಚ್ಚೆ. ಹಳೆಯ ಪುಟ್ಟ ಫೋಟೋದಲ್ಲಿ ಯಾರ ಕಣ್ಣಿಗೂ ಬೀಳದಿದ್ದದ್ದು ಹಿಗ್ಗಿಸಿದ ಪಟದಲ್ಲಿ ಕಾಣುತ್ತಿತ್ತು: ದೊರೆಸಾನಿಯ ಕಿರುಬೆರಳಿನ ಆಚೆ, ಚೇಳಿನ ಬಾಲ.

ಸೋಮೇಶ್ ಪಟಕ್ಕೆ ಮುಖವೊಡ್ಡಿ ಬಹಳ ಹೊತ್ತು ನೋಡಿದ. ತಿರುಗಿದಾಗ ಅವನ ಸಿಟ್ಟು ಇಳಿದಿತ್ತು.

“ನಮ್ಮಪ್ಪಗ ಇದು ಗೊತ್ತಿತ್ತೇನಜ್ಜಿ?”

“ಗೊತ್ತಿತ್ತರಿ. ಅದಕ್ಕ ಅವ್ರು ಈ ಪಟ ಎಂದೂ ಗ್ವಾಡಿಗೆ ಹಾಕ್ಲಿಲ್ಲ. ನಮ್ಮವ್ವನ ಮ್ಯಾಲೆ ಮಾತು ಬರದಿದ್ರ ನಾನೂ ಹೇಳ್ತಿರ್ಲಿಲ್ಲ.”

ಸೋಮೇಶ್ ಪಟದ ಕೆಳಗಿನ ಬರಹವನ್ನು ತನ್ನ ಕೈಯಿಂದಲೇ ಕಿತ್ತ. ಪಿಸುಗುಟ್ಟಿದವರು ಊಟದ ನೆಪದಲ್ಲಿ ಹೊರಗೆ ಜಾರಿದರು.

ಹುಲುಗಮ್ಮನ ಸುದ್ದಿಗೆ ಊರಲ್ಲಿ ಮತ್ತೆ ಯಾರೂ ಹೋಗಲಿಲ್ಲ. ಪಟದ ಕೆಳಗೆ ಉಚ್ಚಮ್ಮನ ಹೆಸರು ಬರೆಸಲೇ ಎಂದು ತಿಂಗಳ ಮೇಲೆ ಸೋಮೇಶ್ ಹೇಳಿಕಳಿಸಿದಾಗ ಆಕೆ ಬೇಡವೆಂದಳು. ಕೊಟ್ಟ ಮಾತು ಮುರಿದ ಅಳುಕು ಆಕೆಯನ್ನು ಇನ್ನೂ ಬಿಟ್ಟಿರಲಿಲ್ಲ.